ಚಾರ್ಮಾಡಿ ಹತ್ತುವಾಗ ಇಂಜಿನ್ ಕಾದು ಕೆಂಡವಾಗುತ್ತಿದೆ: ಬೋರು-ಪಿಸ್ಟನ್ ಬಿಚ್ಚಿಸುವ ಮೊದಲು ಮನೆಯಲ್ಲೇ ಏನೇನು ನೋಡಬಹುದು?

ಉಜಿರೆ ಸವಾರ

ಎಲ್ಲರಿಗೂ ನಮಸ್ಕಾರ. ನನ್ನದು 2016ರ 150 ಸಿಸಿ ಬೈಕು. ಗಾಳಿಯಿಂದಲೇ ತಣಿಯುವ ಇಂಜಿನ್, ಪೆಟ್ರೋಲಿಗೆ ಗಾಳಿ ಬೆರೆಸಿಕೊಡುವ ಕಾರ್ಬುರೇಟರ್ ಇರುವ ಗಾಡಿ, ಇದುವರೆಗೆ 62,000 ಕಿ.ಮೀ. ಓಡಿದೆ. ಪ್ರತಿ ಶನಿವಾರ ಉಜಿರೆಯಿಂದ ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರದ ಆಚೆಗಿರುವ ಮಾವನವರ ತೋಟಕ್ಕೆ ಹೋಗುವುದು ಏಳೆಂಟು ವರ್ಷಗಳ ರೂಢಿ. ಕಳೆದ ಎರಡು ತಿಂಗಳಿನಿಂದ ಘಾಟಿಯ ಅರ್ಧಕ್ಕೆ ಬರುವಷ್ಟರಲ್ಲಿ ಗಾಡಿಯ ಕಸುವೇ ಉಡುಗಿಹೋಗುತ್ತಿದೆ. ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಎಷ್ಟು ತಿರುವಿದರೂ ಎಳೆಯುವುದಿಲ್ಲ, ಇಂಜಿನ್ನಿನ ಒಳಗಿನಿಂದ ಕಟಕಟ ಸದ್ದು ಬರುತ್ತದೆ, ಪ್ಯಾಂಟಿನ ಮೇಲಿಂದಲೇ ಮೊಣಕಾಲಿಗೆ ಝಳ ಹೊಡೆಯುತ್ತದೆ. ಇಪ್ಪತ್ತು ನಿಮಿಷ ನಿಲ್ಲಿಸಿದರೆ ಮತ್ತೆ ಏನೂ ಆಗಿಲ್ಲವೆಂಬಂತೆ ಓಡುತ್ತದೆ.

ಇಲ್ಲಿಯ ಗ್ಯಾರೇಜಿನಲ್ಲಿ ತೋರಿಸಿದಾಗ ಗಾಡಿಯನ್ನು ಸ್ಟಾರ್ಟ್ ಕೂಡ ಮಾಡಿ ನೋಡದೆ, ಬೋರು-ಪಿಸ್ಟನ್ (ಇಂಜಿನ್ನಿನ ಸಿಲಿಂಡರು, ಅದರೊಳಗೆ ಓಡುವ ಪಿಸ್ಟನ್ನು) ಹೋಗಿದೆ, ಎಂಟು ಸಾವಿರ ಆಗುತ್ತದೆ ಎಂದರು. ಹೋಗಿದ್ದರೆ ಖರ್ಚು ಮಾಡಲು ನಾನು ಸಿದ್ಧ; ಆದರೆ ಅದೇ ಕಾರಣವೆಂದು ನಂಬುವ ಮೊದಲು ನನ್ನ ಬಳಿಯಿರುವ ಸ್ಪ್ಯಾನರ್ ಸೆಟ್ಟಿನಲ್ಲಿ ಏನನ್ನು ನೋಡಬಹುದೋ ಅದನ್ನೆಲ್ಲ ನೋಡಿಬಿಡಬೇಕೆಂದಿದ್ದೇನೆ.

ಇನ್ನೊಂದು ಸಣ್ಣ ವಿಷಯ, ಇದಕ್ಕೆ ಸಂಬಂಧವಿದೆಯೋ ಇಲ್ಲವೋ ಕಾಣೆ: ಘಾಟಿ ಹತ್ತಿ ಹೋಟೆಲಿನ ಮುಂದೆ ಕ್ಲಚ್ ಹಿಡಿದು ನಿಲ್ಲಿಸಿದರೆ ಇಂಜಿನ್ ತಾನಾಗಿಯೇ ರೇಸ್ ಆಗಿ, ಸ್ವಲ್ಪ ಹೊತ್ತಿನ ನಂತರ ಇಳಿಯುತ್ತದೆ. ಕೇಬಲ್ಲಿಗೆ ಎಣ್ಣೆ ಬಿಡಬೇಕು.

ಹಳೇ ಸ್ಪ್ಯಾನರ್

ಮೊದಲು ಆಯಿಲ್ ನೋಡಿ, ಉಳಿದದ್ದನ್ನು ಆಮೇಲೆ ಮಾತನಾಡೋಣ. ಗಾಳಿಯಿಂದ ತಣಿಯುವ ಇಂಜಿನ್ನಿನಲ್ಲಿ ಆಯಿಲ್ ಸವೆತ ತಡೆಯುವುದಷ್ಟೇ ಅಲ್ಲ, ಪಿಸ್ಟನ್ನಿನ ತಳದ ಬಿಸಿಯನ್ನು ಹೊತ್ತು ಹೊರಗೆ ತರುವ ಕೆಲಸವನ್ನೂ ಮಾಡುತ್ತದೆ. ಒಂದು ಲೀಟರ್ ಇರಬೇಕಾದಲ್ಲಿ ಅರ್ಧವೇ ಇದ್ದರೆ ಆ ಅರ್ಧಕ್ಕೆ ತಣಿಯಲು ಪುರುಸೊತ್ತೇ ಸಿಗುವುದಿಲ್ಲ.

ಗಾಡಿಯನ್ನು ಸೈಡ್ ಸ್ಟ್ಯಾಂಡಿನಲ್ಲಿಟ್ಟು ನೋಡಿ ಮೋಸ ಹೋಗಬೇಡಿ. ಡಬಲ್ ಸ್ಟ್ಯಾಂಡ್ ಹಾಕಿ, ಇಂಜಿನ್ನನ್ನು ಎರಡು ಮೂರು ನಿಮಿಷ ಓಡಿಸಿ, ಆರಿಸಿ, ಮತ್ತೆ ಎರಡು ಮೂರು ನಿಮಿಷ ಬಿಟ್ಟು ಅಳತೆಕಡ್ಡಿಯನ್ನು ಒರೆಸಿ ಇಳಿಸಿ. ಹಲವು ಗಾಡಿಗಳಲ್ಲಿ ಅದನ್ನು ತಿರುಚಿ ಬಿಗಿಮಾಡದೆ ಸುಮ್ಮನೆ ಇಟ್ಟು ಅಳೆಯಬೇಕು. ನಿಮ್ಮದರಲ್ಲಿ ಹೇಗೆಂಬುದು ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿರುತ್ತದೆ.

ಬಿಸಿಲೂರಿನವ

ಕಲಬುರಗಿಯಲ್ಲಿ ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲಿನಲ್ಲಿ ದಿನವೂ ಅರವತ್ತು ಕಿಲೋಮೀಟರ್ ಓಡಿಸುವವನು ನಾನು. ನಿಮ್ಮ ತಂಪು ಘಾಟಿಯಲ್ಲಿ ಇಂಜಿನ್ ಕಾಯುತ್ತದೆಂದರೆ ನಗು ಬರುತ್ತದೆ. ಕಾಯುತ್ತಿದೆ ಎಂದು ಅಳೆದು ಹೇಳುತ್ತಿದ್ದೀರೋ, ಮೊಣಕಾಲಿನ ಸಾಕ್ಷಿಯೊಂದರಿಂದಲೇ ಹೇಳುತ್ತಿದ್ದೀರೋ? ಗಾಳಿಯಿಂದ ತಣಿಯುವ ಇಂಜಿನ್ ಬಿಸಿಯಾಗಿಯೇ ಇರುತ್ತದೆ, ಅದರ ಹೆಡ್ಡು, ಅಂದರೆ ಸಿಲಿಂಡರಿನ ಮೇಲಿನ ಭಾಗ, 150 ಡಿಗ್ರಿ ಮುಟ್ಟುವುದು ರೋಗವಲ್ಲ.

ಉಜಿರೆ ಸವಾರ

ಅಳೆದಿಲ್ಲ ಸರ್, ಒಪ್ಪುತ್ತೇನೆ. ಆದರೆ ಇದೇ ಗಾಡಿ, ಇದೇ ಘಾಟಿ, ಹಿಂದೆ ಕೂರುವವಳೂ ಅದೇ ಹೆಂಡತಿ. ಏಳು ವರ್ಷ ಇಲ್ಲದ ಕಟಕಟ ಈಗ ಎಲ್ಲಿಂದ ಬಂತು?

ಮೀಟರ್ ಮಾದಪ್ಪ

ಅಳೆಯುವುದು ಈಗ ಕಷ್ಟವಲ್ಲ. ಜ್ವರ ನೋಡುವ ಗನ್ನಿನಂತೆಯೇ ಕಾಣುವ, ಆದರೆ ಕಾರ್ಖಾನೆ ಬಳಕೆಗೆಂದು 300 ಡಿಗ್ರಿಗಿಂತ ಹೆಚ್ಚು ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದೂವರೆ ಸಾವಿರದ ಒಳಗೆ ಸಿಗುತ್ತದೆ. ಜ್ವರದ ಗನ್ ತೆಗೆದುಕೊಂಡು ಹೋಗಬೇಡಿ, ಅದು 43 ಡಿಗ್ರಿಗೇ ಕೈಚೆಲ್ಲುತ್ತದೆ. ಇನ್ನೊಂದು ಎಚ್ಚರ: ಹೊಳೆಯುವ ಅಲ್ಯೂಮಿನಿಯಮ್ಮಿಗೆ ನೇರವಾಗಿ ಹಿಡಿದರೆ ಅದು ಇರುವುದಕ್ಕಿಂತ ತೀರಾ ಕಡಿಮೆ ತೋರಿಸುತ್ತದೆ. ಸ್ಪಾರ್ಕ್ ಪ್ಲಗ್ಗಿನ ಬುಡದ ಹತ್ತಿರ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ ಅದರ ಮೇಲೆ ಹಿಡಿಯಿರಿ.

ಹಳೇ ಸ್ಪ್ಯಾನರ್

ಮಾದಪ್ಪನವರೇ, ಆ ಜಾಗದಲ್ಲಿ ಇನ್ಸುಲೇಷನ್ ಟೇಪ್ ಬೆಂದು ಹೋಗುತ್ತದೆ. ಸೈಲೆನ್ಸರಿಗೆ ಬಳಿಯುವ ಕಪ್ಪು ಬಣ್ಣವನ್ನು ಒಂದು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಹಚ್ಚಿದರೆ ಸಾಕು.

ಮೀಟರ್ ಮಾದಪ್ಪ

ಸರಿ, ತಿದ್ದಿಕೊಂಡೆ. ನಾನು ಟೇಪ್ ಅಂಟಿಸಿದ್ದು ರೇಡಿಯೇಟರಿನ ಪೈಪಿಗೆ.

ಎಥನಾಲ್ ವಿರೋಧಿ

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವ ಅಗತ್ಯವೇ ಇಲ್ಲ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಬಿಡುಗಡೆಯಾದ ಇ20 ಪೆಟ್ರೋಲು ಈಗ ಎಲ್ಲ ಬಂಕಿಗೂ ಬಂದಿದೆ. ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲನ್ನು 2016ರ ಕಾರ್ಬುರೇಟರ್ ಗಾಡಿಗೆ ಕುಡಿಸಿದರೆ ಅದು ಬಿಸಿಯಾಗದೆ ಇನ್ನೇನಾದೀತು? ಒಂದು ಕಿಲೋ ಪೆಟ್ರೋಲ್ ಉರಿಯಲು 14.7 ಕಿಲೋ ಗಾಳಿ ಬೇಕು, ಎಥನಾಲಿಗೆ 9 ಸಾಕು. ಕಾರ್ಬುರೇಟರಿಗೆ ಈ ಲೆಕ್ಕ ಗೊತ್ತಿಲ್ಲ. ಅದು ಹಳೆಯ ಅಳತೆಯಲ್ಲಿಯೇ ಗಾಳಿ ಕೊಡುತ್ತದೆ, ಮಿಶ್ರಣ ತೆಳುವಾಗುತ್ತದೆ (ಗಾಳಿ ಬೇಕಾದ್ದಕ್ಕಿಂತ ಹೆಚ್ಚಾಗುತ್ತದೆ), ಇಂಜಿನ್ ಕಾಯುತ್ತದೆ.

ಲೆಕ್ಕದ ಮೇಷ್ಟ್ರು

ಲೆಕ್ಕ ಹೇಳಿದ್ದೀರಿ, ಆದರೆ ಅರ್ಧಕ್ಕೇ ನಿಲ್ಲಿಸಿದ್ದೀರಿ. ಇ20ಗೆ ಬೇಕಾದ ಗಾಳಿ ಸುಮಾರು 13.5 ಕಿಲೋ, ಅದಕ್ಕೂ ಮೊದಲು ಬಂಕಿನಲ್ಲಿ ಸಿಗುತ್ತಿದ್ದ, ಶೇಕಡಾ 10 ಎಥನಾಲಿನ ಇ10ಗೆ ಸುಮಾರು 14.1. ಎಂದರೆ ಮಿಶ್ರಣ ತೆಳುವಾಗಿರುವುದು ಶೇಕಡಾ ನಾಲ್ಕರ ಆಸುಪಾಸು. ಅಲ್ಲದೆ ಎಥನಾಲ್ ಆವಿಯಾಗುವಾಗ ಪೆಟ್ರೋಲಿಗಿಂತ ಹೆಚ್ಚು ಶಾಖವನ್ನು ಹೀರಿಕೊಂಡು ಒಳಬರುವ ಗಾಳಿಯನ್ನು ತಂಪಾಗಿಸುತ್ತದೆ, ಕಟಕಟ ಹೊಡೆತವನ್ನೂ ಪೆಟ್ರೋಲಿಗಿಂತ ಚೆನ್ನಾಗಿಯೇ ತಡೆಯುತ್ತದೆ. ಮೈಲೇಜ್ ಇಳಿದಿದೆ ಎಂದರೆ ನಾನೂ ನಿಮ್ಮ ಜೊತೆ ದನಿಗೂಡಿಸುತ್ತೇನೆ, ಎಥನಾಲಿನ ಶಕ್ತಿ ಪೆಟ್ರೋಲಿನ ಮೂರನೇ ಎರಡರಷ್ಟು ಮಾತ್ರ. ಆದರೆ ನಿನ್ನೆಯವರೆಗೆ ಸರಿಯಿದ್ದ ಗಾಡಿ ಎರಡೇ ತಿಂಗಳಲ್ಲಿ ಘಾಟಿಯ ಮಧ್ಯೆ ಕೈಕೊಡುವುದನ್ನು ಇದೊಂದೇ ವಿವರಿಸುವುದಿಲ್ಲ.

ಎಥನಾಲ್ ವಿರೋಧಿ

ಹಳೆಯ ಗಾಡಿಯ ರಬ್ಬರ್ ಭಾಗಗಳಿಗೆ ಅದು ಮಾಡುವ ಹಾನಿಯನ್ನು ನಿಮ್ಮ ಲೆಕ್ಕದಲ್ಲಿ ಎಲ್ಲಿ ಬರೆಯುತ್ತೀರಿ?

ಲೆಕ್ಕದ ಮೇಷ್ಟ್ರು

ಆ ಮಾತಿನಲ್ಲಿ ಹುರುಳಿದೆ. ಅದನ್ನು ನೋಡಬೇಕು.

ತಂಪುಗಾಳಿ

ನಾನಂತೂ ಘಾಟಿಯಲ್ಲಿ ಗಾಡಿ ಕಾದರೆ ಝರಿಯ ನೀರನ್ನು ಬಾಟಲಿಯಲ್ಲಿ ಹಿಡಿದು ಇಂಜಿನ್ನಿಗೆ ಹಾಕುತ್ತೇನೆ. ಐದು ನಿಮಿಷದಲ್ಲಿ ಸರಿಯಾಗುತ್ತದೆ.

ಹಳೇ ಸ್ಪ್ಯಾನರ್

ದಯವಿಟ್ಟು ಇದನ್ನು ಯಾರೂ ಅನುಸರಿಸಬೇಡಿ. ಕಾದ ಕಾವಲಿಗೆ ತಣ್ಣೀರು ಚಿಮುಕಿಸಿದರೆ ಏನಾಗುತ್ತದೆಂದು ದೋಸೆ ಹೊಯ್ಯುವ ಮನೆಯಲ್ಲಿ ಎಲ್ಲರೂ ಕಂಡಿದ್ದಾರೆ. ಹೆಡ್ಡಿನ ಒಂದು ಮಗ್ಗುಲು ಥಟ್ಟನೆ ಕುಗ್ಗಿ ಇನ್ನೊಂದು ಮಗ್ಗುಲು ಹಿಗ್ಗಿಯೇ ಉಳಿದರೆ ಲೋಹ ಸೀಳುತ್ತದೆ, ಇಲ್ಲವೇ ಹೆಡ್ಡು ಸೊಟ್ಟಗಾಗಿ ಗ್ಯಾಸ್ಕೆಟ್ಟಿನಲ್ಲಿ ಆಯಿಲ್ ಜಿನುಗಲು ಶುರುವಾಗುತ್ತದೆ.

ತಂಪುಗಾಳಿ

ಆರು ವರ್ಷದಿಂದ ಹಾಕುತ್ತಿದ್ದೇನೆ, ಏನೂ ಆಗಿಲ್ಲ.

ಬಿಸಿಲೂರಿನವ

ಆರು ವರ್ಷದಿಂದ ಹೆಲ್ಮೆಟ್ ಇಲ್ಲದೆ ಓಡಿಸಿದ್ದೇನೆ, ಏನೂ ಆಗಿಲ್ಲ ಎನ್ನುವವರೂ ನಮ್ಮೂರಿನಲ್ಲಿದ್ದಾರೆ.

ಸಂಜೆಮಳೆ

ಇಲ್ಲಿಯವರೆಗಿನ ಉತ್ತರಗಳನ್ನೆಲ್ಲ ಓದಿದೆ. ಪ್ರಶ್ನೆ ಕೇಳಿದವರು ಕೊನೆಯಲ್ಲಿ ಸಂಕೋಚದಿಂದ ಬರೆದ ಎರಡು ಸಾಲನ್ನು ಯಾರೂ ಹಿಡಿದಂತೆ ಕಾಣುವುದಿಲ್ಲ. ಬಿಸಿಯಾದ ಮೇಲೆ ಕ್ಲಚ್ ಹಿಡಿದರೆ ಇಂಜಿನ್ ತಾನಾಗಿ ರೇಸ್ ಆಗಿ ನಿಧಾನಕ್ಕೆ ಇಳಿಯುವುದು ಕೇಬಲ್ಲಿನ ದೋಷವಾಗಿರಬಹುದು. ಆದರೆ ಕೇಬಲ್ ಹಿಡಿದುಕೊಳ್ಳುವಂತಿದ್ದರೆ ಬೆಳಿಗ್ಗೆ ತಣ್ಣಗಿರುವಾಗಲೂ ಹಿಡಿಯುತ್ತದೆ. ಬಿಸಿಯಾದಾಗ ಮಾತ್ರ ಹೀಗಾಗುವುದಾದರೆ ಕಾರ್ಬುರೇಟರ್ ಮತ್ತು ಹೆಡ್ಡಿನ ನಡುವೆ ಇರುವ ರಬ್ಬರ್ ಕೊಳವೆಯಿಂದ ಗಾಳಿ ನುಸುಳುತ್ತಿದೆ ಎಂದು ನನ್ನ ಅನುಮಾನ. ಕಾರ್ಬುರೇಟರ್ ಅಳೆದುಕೊಡುವ ಗಾಳಿಯ ಜೊತೆಗೆ ಲೆಕ್ಕಕ್ಕೆ ಸಿಗದ ಗಾಳಿಯೂ ಒಳಹೋದರೆ ಮಿಶ್ರಣ ತೆಳುವಾಗುತ್ತದೆ, ತೆಳುವಾದ ಮಿಶ್ರಣ ಹೆಚ್ಚು ಬಿಸಿಯಾಗಿ ಉರಿಯುತ್ತದೆ, ಏರಿನಲ್ಲಿ ಭಾರ ಬಿದ್ದಾಗ ಕಟಕಟ ಎನ್ನುತ್ತದೆ. ನಿಮ್ಮ ಮೂರು ಲಕ್ಷಣಗಳಿಗೂ ಒಂದೇ ಬೇರು.

ಪರೀಕ್ಷೆ ಸುಲಭ. ಸ್ಪ್ರೇ ಬಾಟಲಿಯಲ್ಲಿ ಪಾತ್ರೆ ತೊಳೆಯುವ ಸೋಪಿನ ನೀರು ತುಂಬಿ, ಇಂಜಿನ್ ನಿಧಾನಕ್ಕೆ ಓಡುತ್ತಿರುವಾಗ ಆ ರಬ್ಬರಿನ ಸುತ್ತ, ಮುಖ್ಯವಾಗಿ ತಳಭಾಗಕ್ಕೆ ಸಿಂಪಡಿಸಿ. ಇಂಜಿನ್ನಿನ ದನಿ ಬದಲಾದರೆ ಬಿರುಕು ಅಲ್ಲಿಯೇ ಇದೆ. ಒಂದು ಪ್ರಶ್ನೆ: ಎರಡು ತಿಂಗಳ ಹಿಂದೆ ಕಾರ್ಬುರೇಟರ್ ಬಿಚ್ಚಿಸಿದ್ದಿರಾ?

ವೀಕೆಂಡ್ ಮೆಕ್ಯಾನಿಕ್

ಸೋಪಿನ ನೀರಿಗಿಂತ ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದರೆ ಫಲಿತಾಂಶ ಸ್ಪಷ್ಟವಾಗಿ ಗೊತ್ತಾಗುತ್ತದೆ.

ಸಂಜೆಮಳೆ

ಗೊತ್ತಾಗುತ್ತದೆ ನಿಜ, ಕೆಳಗೆ ಸೈಲೆನ್ಸರಿನ ಕಾದ ಬೆಂಡ್ ಪೈಪು ಇರುವುದನ್ನು ಮರೆತರೆ ಬೆಂಕಿಯೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತದೆ. ಮನೆಯ ಅಂಗಳದಲ್ಲಿ ಮಾಡುವವರಿಗೆ ನೀರೇ ಸಾಕು.

ಉಜಿರೆ ಸವಾರ

ಮೇಡಂ, ನಿಮಗೆ ಹೇಗೆ ಗೊತ್ತಾಯಿತು? ಕಾರ್ಬುರೇಟರ್ ಬಿಚ್ಚಿ ಸ್ವಚ್ಛ ಮಾಡಿಸಿ ಸರಿಯಾಗಿ ಎರಡು ತಿಂಗಳಾಯಿತು. ಅದನ್ನು ಬರೆಯಬೇಕೆಂದು ನನಗೆ ಹೊಳೆಯಲಿಲ್ಲ.

ಹಳೇ ಸ್ಪ್ಯಾನರ್

ವೈದ್ಯರ ಹತ್ತಿರ ಹೊಟ್ಟೆನೋವು ಎಂದು ಹೇಳಿ, ಹಿಂದಿನ ದಿನ ತಿಂದದ್ದನ್ನು ಹೇಳದವರ ಹಾಗಾಯಿತು ನಿಮ್ಮ ಕಥೆ. ರಬ್ಬರ್ ಪರೀಕ್ಷೆಯ ಜೊತೆಗೆ ಪ್ಲಗ್ಗನ್ನೂ ಓದಿ. ಘಾಟಿಯ ಕಡಿದಾದ ಕಡೆ ಎಳೆಸಿ, ವಾಹನ ಸಂಚಾರವಿಲ್ಲದ ಅಗಲವಾದ ಜಾಗ ನೋಡಿಕೊಂಡು, ಕ್ಲಚ್ ಹಿಡಿದು ಕೂಡಲೇ ಇಂಜಿನ್ ಆರಿಸಿ ಬದಿಗೆ ನಿಲ್ಲಿಸಿ. ಸುಮ್ಮನೆ ಐಡ್ಲಿಂಗಿನಲ್ಲಿ ಬಿಟ್ಟರೆ ಪ್ಲಗ್ಗಿನ ಮುಖಕ್ಕೆ ಮಸಿ ಕೂತು ಸುಳ್ಳು ಹೇಳುತ್ತದೆ. ಆರಿಸಿದ ಮೇಲೆ ಅವಸರವಿಲ್ಲ, ಬಣ್ಣ ಎಲ್ಲಿಗೂ ಓಡಿಹೋಗುವುದಿಲ್ಲ. ಕಾದ ಅಲ್ಯೂಮಿನಿಯಮ್ ಹೆಡ್ಡಿನಿಂದ ಪ್ಲಗ್ ತಿರುಚಿದರೆ ಹೆಡ್ಡಿನ ಮರೆ (ಥ್ರೆಡ್) ಕಿತ್ತುಬರುವ ಅಪಾಯವಿದೆ, ಆದ್ದರಿಂದ ಮುಕ್ಕಾಲು ಗಂಟೆ ಕಾಯಿರಿ. ಪಿಂಗಾಣಿಯ ಭಾಗ ಕಾಫಿಪುಡಿಯ ಬಣ್ಣದಲ್ಲಿದ್ದರೆ ಕ್ಷೇಮ, ಸುಣ್ಣದಂತೆ ಬಿಳಿಚಿಕೊಂಡಿದ್ದರೆ ಮಿಶ್ರಣ ತೆಳು.

ವೀಕೆಂಡ್ ಮೆಕ್ಯಾನಿಕ್

ಪ್ಲಗ್ಗಿನ ನಂಬರನ್ನೂ ಪರಿಶೀಲಿಸಲಿ. ಎನ್‌ಜಿಕೆ ಪ್ಲಗ್ಗಿನಲ್ಲಿ ಸಂಖ್ಯೆ ಹೆಚ್ಚಾದಷ್ಟೂ ಅದು ಬಿಸಿಯನ್ನು ಬೇಗ ಬಿಟ್ಟುಕೊಡುವ ತಣ್ಣನೆಯ ಪ್ಲಗ್. ಬಾಷ್‌ನಲ್ಲಿ ಇದು ತಿರುಗುಮುರುಗು. ಒಂದರ ಬದಲು ಇನ್ನೊಂದನ್ನು ನಂಬರ್ ಹೋಲಿಸಿ ಕೊಂಡು ತಪ್ಪು ಪ್ಲಗ್ ಹಾಕಿಕೊಂಡವರಲ್ಲಿ ನಾನೂ ಒಬ್ಬ.

ಕೋಲಾರದ ಕೂಲಂಟ್

ನನ್ನದು ರೇಡಿಯೇಟರ್ ಇರುವ ಗಾಡಿ. ಟ್ರಾಫಿಕ್ಕಿನಲ್ಲಿ ಬಿಸಿಯ ಕೆಂಪು ದೀಪ ಹತ್ತುತ್ತದೆ, ಹೈವೇಗೆ ಹೋದರೆ ಆರುತ್ತದೆ. ಇದೇ ಚರ್ಚೆಯಲ್ಲಿ ಕೇಳಬಹುದೇ?

ಮೀಟರ್ ಮಾದಪ್ಪ

ಕೇಳಿಯೇ ಬಿಟ್ಟಿದ್ದೀರಲ್ಲ. ಓಡುವಾಗ ತಣ್ಣಗಾಗಿ ನಿಂತಾಗ ಕಾಯುತ್ತದೆಂದರೆ ಮೊದಲ ಸಂಶಯ ಫ್ಯಾನಿನ ಮೇಲೆ. ಫ್ಯೂಸ್ ನೋಡಿ, ಫ್ಯಾನಿನ ಪ್ಲಗ್ ಕಳಚಿ ಎರಡು ವೈರಿನಿಂದ ನೇರವಾಗಿ ಬ್ಯಾಟರಿಗೆ ಕೊಟ್ಟು ನೋಡಿ. ತಿರುಗಿದರೆ ಫ್ಯಾನ್ ಸರಿಯಿದೆ, ತಪ್ಪು ರಿಲೇಯಲ್ಲಿಯೋ ಸೆನ್ಸರಿನಲ್ಲಿಯೋ ಇದೆ. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಲೇಬೇಡಿ. ಒತ್ತಡವಿರುವುದರಿಂದಲೇ ಒಳಗಿನ ದ್ರವ 120 ಡಿಗ್ರಿಯವರೆಗೂ ಕುದಿಯದೆ ತಡೆದುಕೊಂಡಿರುತ್ತದೆ. ಮುಚ್ಚಳ ತೆರೆದ ಗಳಿಗೆಯಲ್ಲಿ ಅಷ್ಟೂ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಬಿಸಿಯಾದಾಗ ಕೂಲಂಟಿಗೆ (ತಣಿಸುವ ದ್ರವಕ್ಕೆ) ದಾರಿ ತೆರೆಯುವ ಥರ್ಮೋಸ್ಟಾಟಿನ ಮೇಲೆ ಅನುಮಾನವಿದ್ದರೆ ಬಿಚ್ಚಿ, ಹಳೆಯ ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಕಾಯಿಸಿ. ಅದರ ಮೇಲೆಯೇ ಅಚ್ಚಾಗಿರುವ ಉಷ್ಣತೆಗೆ ಬಾಯಿ ತೆರೆಯಲು ಶುರುಮಾಡಬೇಕು. ಅಡುಗೆಯ ಪಾತ್ರೆ ಬೇಡ. ಕೂಲಂಟ್ ವಿಷ, ಸಾಲದ್ದಕ್ಕೆ ಅದರ ರುಚಿ ಸಿಹಿ. ನೆಲಕ್ಕೆ ಚೆಲ್ಲಿದ್ದನ್ನು ನಾಯಿ ಬೆಕ್ಕು ನೆಕ್ಕಿ ಸಾಯುತ್ತವೆ, ಆಗಲೇ ತೊಳೆದುಬಿಡಿ.

ಕೋಲಾರದ ಕೂಲಂಟ್

ಕೂಲಂಟ್ ಕಡಿಮೆಯಾದಾಗ ಬೋರ್‌ವೆಲ್ ನೀರು ಹಾಕುತ್ತಿದ್ದೆ.

ಮೀಟರ್ ಮಾದಪ್ಪ

ನಿಮ್ಮ ಮನೆಯ ನೀರು ಕಾಯಿಸುವ ಕಾಯಿಲ್ಲಿನ ಮೇಲೆ ಕಟ್ಟಿರುವ ಬಿಳಿ ಗಾರೆಯನ್ನು ಒಮ್ಮೆ ನೋಡಿ ಬನ್ನಿ. ಅದೇ ಈಗ ರೇಡಿಯೇಟರಿನ ಸಣ್ಣ ಸಣ್ಣ ನಳಿಗೆಗಳಲ್ಲಿ ಕೂತಿದೆ. ಇನ್ನು ಮುಂದೆ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರನ್ನೇ ಬಳಸಿ.

ಯೆಜ್ಡಿ ತಾತ

ನಿಮ್ಮ ಸೆನ್ಸರು ರಿಲೇಗಳ ಮಾತು ಕೇಳಿ ನನ್ನ ಕಾಲದ ಮಾತೊಂದನ್ನು ಹೇಳುತ್ತೇನೆ. ಮೈಸೂರಿನ ಕಾರ್ಖಾನೆ 1996ರಲ್ಲಿ ನಿಲ್ಲುವವರೆಗೂ ತಯಾರಾಗುತ್ತಿದ್ದ ಯೆಜ್ಡಿ ನನ್ನ ಬಳಿ ಇತ್ತು. ಟೂ ಸ್ಟ್ರೋಕ್ ಗಾಡಿ, ಪೆಟ್ರೋಲಿಗೇ ಆಯಿಲ್ ಬೆರೆಸಬೇಕು. ನಾನು ಲೀಟರಿಗೆ 40 ಮಿ.ಲೀ. ಬೆರೆಸುತ್ತಿದ್ದೆ. ಒಂದು ದಿನ ಮದುವೆಗೆ ಹೊರಟ ಗಡಿಬಿಡಿಯಲ್ಲಿ ಬರಿ ಪೆಟ್ರೋಲ್ ತುಂಬಿಸಿ ಹೊರಟುಬಿಟ್ಟೆ. ನಂಜನಗೂಡಿನ ರಸ್ತೆಯಲ್ಲಿ ಗಾಡಿ ಯಾರೋ ಹಿಂದಿನಿಂದ ಹಗ್ಗ ಹಾಕಿ ಎಳೆದಂತೆ ಭಾರವಾಯಿತು, ನಾನು ಇನ್ನೂ ತಿರುವಿದೆ, ಹಿಂದಿನ ಚಕ್ರ ಕಚ್ಚಿಕೊಂಡು ನಿಂತಿತು. ಆ ಭಾರ ಗೊತ್ತಾದ ಕೂಡಲೇ ಕ್ಲಚ್ ಹಿಡಿದಿದ್ದರೆ ಪಿಸ್ಟನ್ ಉಳಿಯುತ್ತಿತ್ತು. ಉಜಿರೆಯವರೇ, ಘಾಟಿಯಲ್ಲಿ ಕಸುವು ಉಡುಗಿದ ಮೇಲೆ ನೀವು ಇನ್ನೂ ಆಕ್ಸಿಲರೇಟರ್ ತಿರುವಿದ್ದನ್ನು ಓದಿ ನನಗೆ ಆ ರಸ್ತೆ ನೆನಪಾಯಿತು.

ಉಜಿರೆ ಸವಾರ

ಭಾನುವಾರ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅಂಗಳದಲ್ಲಿ ಕೂತು ಮಾಡಿದ್ದನ್ನೆಲ್ಲ ವರದಿ ಮಾಡುತ್ತಿದ್ದೇನೆ.

ಅಳತೆಕಡ್ಡಿಯ ತುದಿಗೆ ಆಯಿಲ್ ತಾಗಿದ ಗುರುತೂ ಇರಲಿಲ್ಲ. ಕೆಳಗಿನ ಬೋಲ್ಟ್ ಬಿಚ್ಚಿ ಹಳೆಯ ನೀರಿನ ಬಾಟಲಿಗೆ ಇಳಿಸಿದರೆ ಸಿಕ್ಕಿದ್ದು 600 ಮಿ.ಲೀ.; ಇರಬೇಕಾದದ್ದು ಒಂದು ಲೀಟರ್. ಸ್ಪ್ಯಾನರ್ ಅವರಿಗೆ ಶರಣು.

ಪ್ಲಗ್ಗಿನ ಪಿಂಗಾಣಿ ಸುಣ್ಣದ ಗೋಡೆಯಷ್ಟೇ ಬಿಳಿ. ಏರ್ ಫಿಲ್ಟರ್ ಪರವಾಗಿಲ್ಲ. ಇಂಜಿನ್ನಿನ ರೆಕ್ಕೆಗಳ ಸಂದಿನಲ್ಲಿ ಕಳೆದ ಮಳೆಗಾಲದ ಕೆಮ್ಮಣ್ಣು ಇಟ್ಟಿಗೆಯಂತೆ ಸುಟ್ಟು ಕೂತಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ ಮತ್ತು ಬಿದಿರಿನ ಕಡ್ಡಿಯಿಂದ ಒಂದು ಗಂಟೆ ಕೆದಕಿದೆ.

ನಂತರ ಸೋಪಿನ ನೀರು. ರಬ್ಬರಿನ ಮೇಲ್ಭಾಗಕ್ಕೆ, ಎಡಕ್ಕೆ, ಬಲಕ್ಕೆ ಸಿಂಪಡಿಸಿದಾಗ ಏನೂ ಆಗಲಿಲ್ಲ, ನನಗೆ ಸ್ವಲ್ಪ ನಿರಾಸೆಯೇ ಆಯಿತು. ಬಾಟಲಿಯ ಮೂತಿಯನ್ನು ಕೆಳಗಿನಿಂದ ತೂರಿಸಿ ಒತ್ತಿದ ತಕ್ಷಣ ಇಂಜಿನ್ ತೇಗಿದಂತೆ ಸದ್ದುಮಾಡಿ ನಿಧಾನವಾಯಿತು, ನೀರು ಆರಿದ ಮೇಲೆ ಮತ್ತೆ ಏರಿತು. ಮೂರು ಸಲ ಮಾಡಿದೆ, ಮೂರು ಸಲವೂ ಅದೇ. ಬಿಚ್ಚಿ ಕೈಯಲ್ಲಿ ಹಿಡಿದಾಗ ರಬ್ಬರ್ ನೋಡಲು ಚೆನ್ನಾಗಿಯೇ ಇತ್ತು. ಬಗ್ಗಿಸಿದಾಗ ತಳದಲ್ಲಿ ಬೇಸಿಗೆಯ ಹಿಮ್ಮಡಿ ಒಡೆದಂತೆ ಬಾಯಿ ಬಿಟ್ಟಿತು. ಕಾರ್ಬುರೇಟರ್ ಸ್ವಚ್ಛ ಮಾಡಿ ಕೂರಿಸುವಾಗ ಗಟ್ಟಿಯಾಗಿದ್ದ ರಬ್ಬರನ್ನು ಬಲವಂತವಾಗಿ ತಿರುಚಿ ಸೇರಿಸಿದ್ದರೆಂದು ಕಾಣುತ್ತದೆ, ಕ್ಲಿಪ್ಪು ಕೂಡ ಓರೆಯಾಗಿಯೇ ಕೂತಿತ್ತು.

ಸಂಜೆಮಳೆ

ತಳದಲ್ಲಿಯೇ ಇರುತ್ತದೆ ಅದು! ಹೊಸ ರಬ್ಬರ್ ಹಾಕುವಾಗ ಹೆಡ್ಡಿನ ಕಡೆಯ ಓ-ರಿಂಗನ್ನೂ ಬದಲಿಸಿ. ಹಳೆಯದಕ್ಕೆ ಗಮ್ ಮೆತ್ತುವ ಯೋಚನೆ ಬೇಡ, ಪೆಟ್ರೋಲಿನ ಆವಿಗೆ ಅದು ನಿಲ್ಲುವುದಿಲ್ಲ.

ಎಥನಾಲ್ ವಿರೋಧಿ

ರಬ್ಬರ್ ಗಟ್ಟಿಯಾಗಿದ್ದು ಯಾವುದರಿಂದ ಎಂದು ನಾನು ಮತ್ತೆ ಕೇಳುವುದಿಲ್ಲ.

ಲೆಕ್ಕದ ಮೇಷ್ಟ್ರು

ಒಂಬತ್ತು ವರ್ಷ ಇಂಜಿನ್ನಿಗೆ ಅಂಟಿಕೊಂಡು ಬೆಂದ ರಬ್ಬರ್ ಯಾವ ಪೆಟ್ರೋಲಿಗೂ ಗಟ್ಟಿಯಾಗುತ್ತದೆ. ನಿಮಗೂ ಕಾಲು ಪಾಲು ಅಂಕ ಕೊಡೋಣ.

ಹಳೇ ಸ್ಪ್ಯಾನರ್

ಇನ್ನೆರಡು ಕೆಲಸ ಬಾಕಿ. ಡಬಲ್ ಸ್ಟ್ಯಾಂಡಿನಲ್ಲಿ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿ. ಸರಾಗವಾಗಿ ಸುತ್ತದೆ ಕಚ್ಚುತ್ತಿದ್ದರೆ ಬ್ರೇಕನ್ನು ಅತಿಯಾಗಿ ಬಿಗಿ ಮಾಡಿದ್ದಾರೆ, ಇಂಜಿನ್ ಆ ಬ್ರೇಕನ್ನೂ ಎಳೆದುಕೊಂಡೇ ಘಾಟಿ ಹತ್ತುತ್ತಿದೆ. ಎರಡನೆಯದು ಟ್ಯಾಪೆಟ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಣ್ಣ ಅಂತರ. ರಾತ್ರಿಯಿಡೀ ತಣ್ಣಗಾದ ಇಂಜಿನ್ನಿನಲ್ಲಿ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಹಾಕಿ ಪುಸ್ತಕದ ಅಳತೆಗೆ ತನ್ನಿ. ಸ್ವಲ್ಪ ಟಿಕಟಿಕ ಎನ್ನುವ ಟ್ಯಾಪೆಟ್ಟಿಗೆ ನಾನು ಹೆದರುವುದಿಲ್ಲ, ಸದ್ದೇ ನಿಂತುಹೋದದ್ದಕ್ಕೆ ಹೆದರುತ್ತೇನೆ. ಅಂತರ ಸಾಲದೆ ಎಕ್ಸಾಸ್ಟ್ ವಾಲ್ವು ಪೂರ್ತಿ ಕೂರದಿದ್ದರೆ ತನ್ನ ಬಿಸಿಯನ್ನು ಹೆಡ್ಡಿಗೆ ದಾಟಿಸಲಾಗದೆ ಅಂಚಿನಲ್ಲಿ ಸುಟ್ಟುಹೋಗುತ್ತದೆ.

ಆಯಿಲ್ ಕೊಳ್ಳುವಾಗ ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 (ಬೈಕಿನ ಕ್ಲಚ್ಚಿಗೆ ಹೊಂದುವ ಆಯಿಲಿನ ಗುರುತು) ಎಂದು ಬರೆದಿರುವುದನ್ನು ನೋಡಿ. ಮನೆಯಲ್ಲಿ ಉಳಿದಿದೆ ಎಂದು ಕಾರಿನ ಆಯಿಲ್ ಸುರಿದರೆ ಕ್ಲಚ್ ಜಾರಿ, ಅದೇ ಇನ್ನೊಂದು ಬಿಸಿಗೆ ಕಾರಣವಾಗುತ್ತದೆ.

ಉಜಿರೆ ಸವಾರ

ಹೊಸ ರಬ್ಬರ್, ಓ-ರಿಂಗ್, ಪ್ಲಗ್, ಒಂದು ಲೀಟರ್ ಆಯಿಲ್ ಎಲ್ಲ ಸೇರಿ ಸಾವಿರದೊಳಗೆ ಮುಗಿಯಿತು. ಹಿಂದಿನ ಚಕ್ರ ಅರ್ಧ ಸುತ್ತಿಗೇ ನಿಲ್ಲುತ್ತಿತ್ತು. ಬ್ರೇಕಿನ ನಟ್ಟನ್ನು ಎರಡೂವರೆ ಸುತ್ತು ಸಡಿಲಿಸಿದೆ. ಎಕ್ಸಾಸ್ಟ್ ಟ್ಯಾಪೆಟ್ಟಿನಲ್ಲಿ 0.10 ಮಿ.ಮೀ. ಗೇಜ್ ಕೂಡ ನುಗ್ಗಲಿಲ್ಲ, ಪುಸ್ತಕದಲ್ಲಿ ಇರುವುದು 0.12.

ಕಪ್ಪು ಬಣ್ಣದ ಬೊಟ್ಟು ಇಟ್ಟು ಅಳೆದೂ ಬಿಟ್ಟೆ. ರಿಪೇರಿಗೆ ಮೊದಲು ಘಾಟಿಯ ತುದಿಯಲ್ಲಿ 218 ಡಿಗ್ರಿ ಬಂದಿತ್ತು. ಈ ಶನಿವಾರ ಅದೇ ಜಾಗದಲ್ಲಿ, ಅದೇ ಇಬ್ಬರು ಸವಾರರೊಂದಿಗೆ, ಜೊತೆಗೆ ಒಂದು ಚೀಲ ತೆಂಗಿನಕಾಯಿಯೂ ಇದ್ದು 171. ಕಟಕಟ ಇಲ್ಲ. ಕ್ಲಚ್ ಹಿಡಿದಾಗ ಇಂಜಿನ್ ಸಭ್ಯವಾಗಿ ಕೆಳಗಿಳಿದು ನಿಂತಿತು.

ಬಿಸಿಲೂರಿನವ

ಅಳೆದು ಹೇಳಿದ್ದಕ್ಕೆ ಧನ್ಯವಾದ. ಈಗ ನಗುವುದಿಲ್ಲ.

ಯೆಜ್ಡಿ ತಾತ

ಎಲ್ಲರೂ ರಬ್ಬರಿನ ಸಂಭ್ರಮದಲ್ಲಿದ್ದೀರಿ. ಆ 400 ಮಿ.ಲೀ. ಆಯಿಲ್ ಎಲ್ಲಿಗೆ ಹೋಯಿತು ಮಗಾ?

ಉಜಿರೆ ಸವಾರ

ಅದನ್ನೇ ಕೇಳಬೇಕೆಂದಿದ್ದೆ ತಾತ. ಕೆಳಗೆ ಎಲ್ಲಿಯೂ ಸೋರಿಲ್ಲ. ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಸೈಲೆನ್ಸರಿನಿಂದ ಒಂದು ಹಿಡಿ ನೀಲಿ ಹೊಗೆ ಬರುತ್ತದೆ, ಆಮೇಲೆ ಇಲ್ಲ.

ಹಳೇ ಸ್ಪ್ಯಾನರ್

ಮೊದಲ ಸ್ಟಾರ್ಟಿಗೆ ಮಾತ್ರ ಹೊಗೆ ಬರುವುದಾದರೆ ರಾತ್ರಿಯೆಲ್ಲ ವಾಲ್ವಿನ ಸೀಲಿನಿಂದ ಜಿನುಗಿದ ಆಯಿಲ್ ಉರಿಯುತ್ತಿದೆ. ಏರಿನಲ್ಲಿ ಎಳೆಸುವಾಗಲೆಲ್ಲ ಹೊಗೆಯಾಡಿದರೆ ಆಗ ಪಿಸ್ಟನ್ನಿನ ರಿಂಗ್ ಸವೆದಿರುವ ಮಾತು. ಮುಂದಿನ ಶನಿವಾರ ಹಿಂದಿನಿಂದ ಬರುವ ಗೆಳೆಯರೊಬ್ಬರಿಗೆ ನಿಮ್ಮ ಸೈಲೆನ್ಸರನ್ನೇ ನೋಡುತ್ತ ಘಾಟಿ ಹತ್ತಲು ಹೇಳಿ. ಸೀಲಿನ ಬೆಲೆ ಬೋರು-ಪಿಸ್ಟನ್ನಿನ ಎಂಟು ಸಾವಿರದ ಹತ್ತಿರಕ್ಕೂ ಬರುವುದಿಲ್ಲ, ಆದರೆ ಅದನ್ನು ಹಾಕಲು ಹೆಡ್ಡು ಇಳಿಸಬೇಕು. ಅದು ಅಂಗಳದ ಕೆಲಸವಲ್ಲ. ಅಲ್ಲಿಯವರೆಗೆ 500 ಕಿ.ಮೀ.ಗೆ ಒಮ್ಮೆ ಕಡ್ಡಿ ಅದ್ದಿ ನೋಡುತ್ತಿರಿ.

ಉಜಿರೆ ಸವಾರ

ಮುಂದಿನ ಶನಿವಾರ ಭಾವಮೈದುನನನ್ನು ಹಿಂದೆ ಬಿಡುತ್ತೇನೆ. ಹೊಗೆ ಕಂಡರೂ ಕಾಣದಿದ್ದರೂ ಇಲ್ಲಿಯೇ ಬರೆಯುತ್ತೇನೆ.